ಭಾವಚಿತ್ರ ಪ್ರಸಂಗ

ನನ್ನ ಮುಖದ ವಿಚಾರವಾಗಿ ನಾನು ಹೆಚ್ಚು ತಲೆ ಕೆಡಿಸಿಕೊಂಡವನಲ್ಲ. ದಿನಕ್ಕೊಮ್ಮೆ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಅದರ ದರ್ಶನವಾಗುತ್ತದೆ. ಅಲ್ಲಿಗೆ ನಮ್ಮಿಬ್ಬರ ವ್ಯವಹಾರ ಮುಗಿಯುತ್ತದೆ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಅದನ್ನು ಎದುರಿಸುತ್ತ ಬಂದಿರುವ ವಿದ್ಯಾರ್ಥಿಗಳಿಂದಲೂ ಯಾವ ದೂರೂ ಬಂದಿರಲಿಲ್ಲ. ಹೀಗಿರಲು, ಕಳೆದ ತಿಂಗಳು ನಮ್ಮ ಪ್ರಾಂಶುಪಾಲರು ನನ್ನನ್ನು ಕರೆಸಿ, “ಮೇಷ್ಟ್ರೇ, ನ್ಯಾಕ್ ಸಮಿತಿಯವರು ಬರುವ ದಿನ ಹತ್ತಿರವಾಯಿತು. ಜಾಲತಾಣದಲ್ಲಿ ಎಲ್ಲರ ಫೋಟೋಗಳೂ ಚೆನ್ನಾಗಿವೆ. ನಿಮ್ಮದು ಮಾತ್ರ ರೇಷನ್ ಕಾರ್ಡಿನಿಂದ ಕಿತ್ತು ಅಂಟಿಸಿದ ಹಾಗಿದೆ. ಬೇರೆಯದೊಂದು ಕೊಡಿ. ಸ್ವಲ್ಪ ಪ್ರೊಫೆಷನಲ್ ಆಗಿರಲಿ” ಎಂದರು.

ಈ ‘ಪ್ರೊಫೆಷನಲ್’ ಎಂಬುದಕ್ಕೆ ಸರಿಯಾದ ಕನ್ನಡ ಯಾವುದೆಂದು ಯೋಚಿಸುತ್ತಲೇ ಅಧ್ಯಾಪಕರ ಕೊಠಡಿಗೆ ಹಿಂದಿರುಗಿದೆ. ‘ವೃತ್ತಿಪರ’ ಎನ್ನಬಹುದು, ಆದರೆ ಕುಂಬಾರನೂ ವೃತ್ತಿಪರನೇ, ಕೈಗೆ ಮೆತ್ತಿದ ಜೇಡಿಮಣ್ಣು ಅವನ ವೃತ್ತಿಯ ಲಾಂಛನ. ಆ ಲೆಕ್ಕದಲ್ಲಿ ನನ್ನ ಲಾಂಛನವೆಂದರೆ ಬಲತೋಳಿನ ಮೇಲೆ ಸದಾ ಇರುವ ಸೀಮೆಸುಣ್ಣದ ಪುಡಿ. ಪ್ರಾಂಶುಪಾಲರ ಮನಸ್ಸಿನಲ್ಲಿದ್ದುದು ಅದಲ್ಲವೆಂದು ಹೇಳಬೇಕಾಗಿಲ್ಲ.

ನಮ್ಮೂರಿನಲ್ಲಿ ಹಿಂದೆ ಒಂದು ಸ್ಟುಡಿಯೋ ಇತ್ತು. ಅದರ ಹಿಂಬದಿಯ ಪರದೆಯಲ್ಲಿ ಬಣ್ಣದಿಂದ ಬರೆದ ಉದ್ಯಾನ, ಉದ್ಯಾನದಲ್ಲಿ ಅಮೃತಶಿಲೆಯ ಮೆಟ್ಟಿಲು. ಊರಿನ ಮದುಮಕ್ಕಳೆಲ್ಲ ಆ ಎಲ್ಲಿಗೂ ಹೋಗದ ಮೆಟ್ಟಿಲುಗಳ ಮುಂದೆ ನಿಂತವರೇ. ಈಗ ಅಲ್ಲಿ ಜೆರಾಕ್ಸ್ ಅಂಗಡಿಯಿದೆ. ಬಸ್ಸು ಹತ್ತಿ ಜಿಲ್ಲಾಕೇಂದ್ರಕ್ಕೆ ಹೋಗಿಬರುವುದೇ ದಾರಿಯೆಂದುಕೊಂಡಿದ್ದಾಗ, ಬಿ.ಸಿ.ಎ. ಓದುವ ಹುಡುಗನೊಬ್ಬ ನನ್ನ ಸಂಕಟವನ್ನು ಕೇಳಿ ನಕ್ಕ. “ಸ್ಟುಡಿಯೋಗೆಲ್ಲ ಯಾಕೆ ಸಾರ್? ಎಐಗೆ ಹೇಳಿದರೆ ಆಯಿತು. ನಾಲ್ಕು ಫೋಟೋ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ.” ಹೀಗೆಂದವನೇ ತನ್ನ ಫೋನಿನಿಂದ ನನ್ನನ್ನು ಪಡಸಾಲೆಯಲ್ಲೊಮ್ಮೆ, ಹುಣಿಸೆಮರದ ಕೆಳಗೊಮ್ಮೆ, ಎಡದಿಂದ ಬಲದಿಂದ ಸೆರೆಹಿಡಿದು, ಇಂಗ್ಲಿಷಿನಲ್ಲಿ ಎರಡು ಸಾಲಿನ ಬಿನ್ನಹವನ್ನು ಬರೆದು ಯಂತ್ರಕ್ಕೆ ಒಪ್ಪಿಸಿದ.

ಸ್ವಲ್ಪ ಹೊತ್ತಿನಲ್ಲಿಯೇ ನಾನು ಎಂಟು ಮಂದಿಯಾಗಿ ಪ್ರತ್ಯಕ್ಷನಾದೆ. ಎಂಟರಲ್ಲಿ ಆರು ಮಂದಿ ಸೂಟು ಧರಿಸಿದ್ದರು. ನಾನಾದರೋ ಮದುವೆಯ ದಿನವೂ ಟೈ ಕಟ್ಟಿದವನಲ್ಲ. ಒಬ್ಬನ ಹಿಂದೆ ಗಾಜಿನ ಗೋಡೆ, ಗಾಜಿನಾಚೆ ಮುಗಿಲು ಮುಟ್ಟುವ ಕಟ್ಟಡಗಳ ಮಹಾನಗರ. ನಮ್ಮ ಕಾಲೇಜಿನ ಹಿಂದಿರುವುದು ತಾಲ್ಲೂಕು ಕಚೇರಿಯ ಹೆಂಚಿನ ಮಾಡು. ಇನ್ನೊಬ್ಬ ಲೇಖನಿ ಹಿಡಿದು ಗಂಭೀರವಾಗಿ ಕುಳಿತಿದ್ದ. ಹಿಡಿದ ಕೈಗೆ ಆರು ಬೆರಳು. ಯಂತ್ರಗಳು ಈ ತಪ್ಪನ್ನು ಈಚೆಗೆ ಬಹುಮಟ್ಟಿಗೆ ತಿದ್ದಿಕೊಂಡಿವೆಯಂತೆ. ಅಳಿದುಳಿದದ್ದು ನನ್ನ ಪಾಲಿಗೆ ಬಂದಿತೆಂದು ಕಾಣುತ್ತದೆ.

“ಕನ್ನಡದ ಅಧ್ಯಾಪಕರು ಎಂದು ಹೇಳಪ್ಪ” ಎಂದೆ. ಹುಡುಗ ಹೇಳಿದ. ಈ ಸಲ ನಾನು ಗ್ರಂಥಭಂಡಾರದ ಮುಂದೆ ನಿಂತಿದ್ದೆ. ಆನಂದದಿಂದ ಪುಸ್ತಕಗಳ ಹೆಸರು ಓದಲು ಹೋದೆ. ಅಕ್ಷರಗಳು ದುಂಡಗಿದ್ದವು, ತಲೆಕಟ್ಟು ಹೊತ್ತಿದ್ದವು, ಒತ್ತುಗಳೂ ಕೆಳಗೆ ಜೋತುಬಿದ್ದಿದ್ದವು. ಆದರೆ ಒಂದಾದರೂ ಕನ್ನಡವಲ್ಲ! ಹಲ್ಮಿಡಿಯ ಶಾಸನವನ್ನು ಓದಿದ ಪಂಡಿತರೂ ಅಲ್ಲಿ ಸೋಲೊಪ್ಪಬೇಕು. ಕನ್ನಡವನ್ನು ದೂರದಿಂದ ನೋಡಿದವನು, ಎಂದೂ ಓದದವನು, ಬರೆದ ಕನ್ನಡ ಅದು. ಆಮೇಲೆ ಮುಖವನ್ನು ಅದೇ ಕಣ್ಣಿನಿಂದ ನೋಡಿದೆ. ಆ ಅಕ್ಷರಗಳು ಎಷ್ಟು ಕನ್ನಡವೋ ಆ ಮುಖವೂ ಅಷ್ಟೇ ನನ್ನದು. ಬಣ್ಣ ಎರಡು ಸುತ್ತು ತಿಳಿಯಾಗಿತ್ತು. ಒಂದರ ಮೇಲೊಂದು ಹತ್ತಿ ಕುಳಿತಿರುವ ನನ್ನ ಮುಂದಿನ ಹಲ್ಲುಗಳು ಸಭ್ಯವಾಗಿ ಸಾಲುಗಟ್ಟಿದ್ದವು. ಹತ್ತನೆಯ ವಯಸ್ಸಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು ಎಡಹುಬ್ಬನ್ನು ಎರಡಾಗಿ ಸೀಳಿದ ಗಾಯದ ಗುರುತು ಎಲ್ಲಿಯೂ ಇರಲಿಲ್ಲ.

ನಿಜವನ್ನು ಹೇಳಿಬಿಡುತ್ತೇನೆ: ಚಿತ್ರ ನನಗೆ ಹಿಡಿಸಿತು. ಆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮೂರು ಸಲ ತೆಗೆದು ನೋಡಿದೆ. ಗಾಯವಿಲ್ಲದ, ಸಾಲದ ಕಂತುಗಳಿಲ್ಲದ, ಮೌಲ್ಯಮಾಪನದ ಉತ್ತರಪತ್ರಿಕೆಗಳ ಕಟ್ಟು ಕಾಣದ ಆ ಮನುಷ್ಯನಾಗಿ ಹುಟ್ಟಬಹುದಿತ್ತಲ್ಲ ಎಂಬ ಆಸೆ ನಲವತ್ತು ದಾಟಿದವನಿಗೂ ಬರುವುದುಂಟು.

ಮರುದಿನ ಗಣಕವಿಜ್ಞಾನದ ಸಹೋದ್ಯೋಗಿಯೊಬ್ಬರು ಇದರ ಒಳಗುಟ್ಟನ್ನು ಬಿಡಿಸಿ ಹೇಳಿದರು. ಯಂತ್ರವು ನನ್ನ ಫೋಟೋವನ್ನು ತಿದ್ದಿದೆಯೆಂದು ನಾನು ತಿಳಿದಿದ್ದೆ, ಅದು ತಪ್ಪು. ಒಂದು ಚಿತ್ರದ ಮೇಲೆ ಹಿಡಿಹಿಡಿಯಾಗಿ ಮರಳೆರಚುತ್ತ ಹೋದರೆ ಕೊನೆಗೆ ಚಿತ್ರ ಮುಚ್ಚಿಹೋಗಿ ಬರಿಯ ಮರಳು ಉಳಿಯುತ್ತದೆಯಷ್ಟೆ. ಹೀಗೆ ಮರಳು ಮುಚ್ಚಿದ ಕೋಟ್ಯಂತರ ಚಿತ್ರಗಳನ್ನು ತೋರಿಸಿ, ಎರಚಿದ ಮರಳು ಯಾವುದೆಂದು ಊಹಿಸಿ ತೆಗೆಯುವುದನ್ನು ಯಂತ್ರಕ್ಕೆ ಕಲಿಸುತ್ತಾರೆ. ಕಲಿತ ಮೇಲೆ ಬರಿಯ ಮರಳನ್ನೇ ಕೊಟ್ಟರೂ ಅದು ಕಣಕಣವಾಗಿ ಕೆದರಿ, ಎಂದೂ ಇಲ್ಲದಿದ್ದ ಮುಖವೊಂದನ್ನು ಹೊರಗೆಳೆಯುತ್ತದೆ. 2015ರಲ್ಲಿ ಮೂಡಿದ ಈ ಆಲೋಚನೆ 2020ರಲ್ಲಿ ಪಕ್ವವಾಯಿತು. 2022ರಲ್ಲಿ ಜನಸಾಮಾನ್ಯರ ಕೈಗೆ ಬಂದಿತು. ಅದೇ ವರ್ಷ, ಒಬ್ಬನ ಮೂರರಿಂದ ಐದು ಚಿತ್ರಗಳಿದ್ದರೆ ಅವನ ಚಹರೆಯನ್ನು ಯಂತ್ರಕ್ಕೆ ಕಲಿಸಬಹುದೆಂದು ಸಂಶೋಧಕರು ತೋರಿಸಿಕೊಟ್ಟರು. ಇಂಥ ಹಲವು ಸಾಧನಗಳ ಬೇರು ಇಲ್ಲಿದೆ. ಹಾಗಾದರೆ ಆ ಎಂಟು ಮಂದಿಯೂ ಮರಳಿನಲ್ಲಿ ಹುಟ್ಟಿದವರು. ನಾನು ಅವರಿಗೆ ದೂರದ ನೆಂಟ.

“ಸರಿ, ಸೂಟು ಎಲ್ಲಿಂದ ಬಂತು?” ಎಂದು ಕೇಳಿದೆ. “ನೀವು ಕೊಟ್ಟ ಪದದಿಂದ” ಎಂದರು. ಯಂತ್ರ ಕಲಿಯುವುದು ಚಿತ್ರವನ್ನೂ ಅದರ ಪಕ್ಕದಲ್ಲಿ ಯಾರೋ ಬರೆದ ಮಾತನ್ನೂ ಜೊತೆಗೂಡಿಸಿಕೊಂಡು. 2022ರಲ್ಲಿ ಪ್ರಕಟವಾದ ಲಾಯಾನ್ ಎಂಬ ಸಂಗ್ರಹದಲ್ಲಿ ಇಂಥ ಸುಮಾರು 585 ಕೋಟಿ ಜೋಡಿಗಳಿದ್ದವು. ಅವುಗಳಲ್ಲಿ 230 ಕೋಟಿಗೂ ಹೆಚ್ಚಿನವು ಇಂಗ್ಲಿಷಿನವು. ‘ಪ್ರೊಫೆಷನಲ್’ ಎಂಬ ಮಾತಿನ ಪಕ್ಕದಲ್ಲಿ ಯಾರ ಮುಖ, ಯಾವ ಉಡುಪು, ಯಾವ ಕಟ್ಟಡ ಹೆಚ್ಚಾಗಿ ನಿಂತಿವೆಯೋ ಆ ಕಡೆಗೆ ಯಂತ್ರದ ಕೈ ವಾಲುತ್ತದೆ. 2023ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿದ್ದ, ಏಷ್ಯಾ ಮೂಲದ ತರುಣಿಯೊಬ್ಬಳು ತನ್ನ ಚಿತ್ರವನ್ನು ವೃತ್ತಿಗೆ ತಕ್ಕಂತೆ ಮಾಡಿಕೊಡೆಂದು ಇಂಥದೇ ಒಂದು ಸಾಧನವನ್ನು ಕೇಳಿದಳು. ಅದು ಅವಳಿಗೆ ಬಿಳಿಯ ತೊಗಲನ್ನೂ ನೀಲಿ ಕಣ್ಣುಗಳನ್ನೂ ದಯಪಾಲಿಸಿತು. ಆ ಸುದ್ದಿಯನ್ನು ಓದಿದ ಮೇಲೆ ನನ್ನ ಕಣ್ಣುಗಳನ್ನು ಕಪ್ಪಾಗಿಯೇ ಉಳಿಸಿದ ಯಂತ್ರದ ಮೇಲೆ ತುಸು ಕೃತಜ್ಞತೆಯೂ ಹುಟ್ಟಿತು.

ಯಂತ್ರವೊಂದನ್ನೇ ದೂರುವುದು ನ್ಯಾಯವಲ್ಲ. ಫೋಟೋಗ್ರಫಿ ಲೋಕಕ್ಕೆ ಪರಿಚಯವಾದದ್ದು 1839ರಲ್ಲಿ. 1855ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೇ ಮ್ಯೂನಿಕ್ಕಿನ ಹಾನ್ಫ್‌ಸ್ಟೆಂಗ್ಲ್ ಎಂಬಾತ ನೆಗೆಟಿವ್ ತಿದ್ದುವ ಕಲೆಯನ್ನು ತೋರಿಸಿ ಜನರನ್ನು ಬೆರಗುಗೊಳಿಸಿದ್ದ. ನಮ್ಮೂರ ಸ್ಟುಡಿಯೋದ ಹಿಂಗೋಣೆಯಲ್ಲಿ ಆ ಕಲೆಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇಳಿಜಾರು ಮೇಜು, ಅದರ ನಡುವೆ ಬೆಳಕು ಬರುವ ಕಿಂಡಿ, ಕಿಂಡಿಯ ಮೇಲೆ ನೆಗೆಟಿವ್. ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಆತ ಸಣ್ಣಸಣ್ಣ ಚುಕ್ಕೆಗಳನ್ನಿಡುತ್ತಿದ್ದ. ಮುಖದ ಮೇಲೆ ಕಪ್ಪಗೆ ಕಾಣುವ ಗುಳಿ, ಸುಕ್ಕು, ಕಲೆಗಳು ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತವೆ. ಅಲ್ಲಿ ಪೆನ್ಸಿಲಿನ ಸೀಸ ತುಂಬಿದರೆ ಅಚ್ಚಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಕುತ್ತಿಗೆ ಬಗ್ಗಿಸಿ, ಉಸಿರು ಬಿಗಿಹಿಡಿದು, ಆತ ಊರಿನವರ ಮುಖಗಳ ದೋಷಗಳನ್ನೆಲ್ಲ ಪರಿಹರಿಸುತ್ತಿದ್ದ.

ಆ ವಾರ ತರಗತಿಯಲ್ಲಿ ಬಸವಪ್ಪಶಾಸ್ತ್ರಿಗಳ ಶಾಕುಂತಲದ ಆರನೆಯ ಅಂಕ ನಡೆಯುತ್ತಿತ್ತು. ದುಷ್ಯಂತ ತಾನೇ ಬರೆದ ಶಕುಂತಲೆಯ ಚಿತ್ರವನ್ನು ಮುಂದಿಟ್ಟುಕೊಂಡು ಕೊರಗುತ್ತಾನೆ. ಚಿತ್ರ ಇನ್ನೂ ಮುಗಿದಿಲ್ಲ. ಮಾಲಿನೀ ನದಿಯ ದಡದ ಹಂಸಗಳು ಬರಬೇಕು, ಕಿವಿಗೆ ಮುಡಿದ ಶಿರೀಷದ ಹೂವು ಬಿಟ್ಟುಹೋಗಿದೆ. ಅವಳನ್ನೊಮ್ಮೆ ಮರೆತವನಾದ್ದರಿಂದ ಅವನಿಗೆ ಬಿಟ್ಟುಹೋದ ಒಂದೊಂದೂ ಚುಚ್ಚುತ್ತದೆ. ಪಾಠ ಹೇಳುತ್ತಿದ್ದವನ ಕೈ ತಾನಾಗಿ ಹುಬ್ಬಿನ ಕಡೆಗೆ ಹೋಯಿತು.

ಭಾನುವಾರ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ದೂರ ಮಾಡಿ ನೋಡಿ, “ಯಾರೋ ಇದು, ನಿಮ್ಮ ಕಾಲೇಜಿಗೆ ಹೊಸದಾಗಿ ಬಂದೋರಾ?” ಎಂದಳು. ನಾನೇ ಎಂದಾಗ ಇನ್ನೊಮ್ಮೆ ನೋಡಿದಳು. “ಹುಬ್ಬಿನ ಗಾಯ ಏನಾಯಿತೋ? ಅವತ್ತು ಸೆರಗಿನಲ್ಲಿ ರಕ್ತ ಒತ್ತಿಹಿಡಿದುಕೊಂಡು ಆಸ್ಪತ್ರೆಗೆ ಓಡಿದವಳು ನಾನು.” ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಕಡೆ ತಿರುಗಿ, “ನಿಮ್ಮಪ್ಪನಿಗೂ ಹೀಗೇ ಮಾಡಿದ್ದ ಕಣೋ, ಆ ಸ್ಟುಡಿಯೋದವನು” ಎಂದಳು.

ಗೋಡೆಯ ಮೇಲಿರುವುದು ನಮ್ಮ ತಂದೆಯ ಒಂದೇ ಒಂದು ಫೋಟೋ. ಮದುವೆಯಾದ ವರ್ಷ ತೆಗೆಸಿದ್ದು. ಅವರು ತೀರಿಕೊಂಡಾಗ ನನಗೆ ಎರಡು ವರ್ಷ. ಅವರ ಮುಖವೆಂದು ನಾನು ಬಲ್ಲದ್ದೆಲ್ಲ ಆ ಚೌಕಟ್ಟಿನೊಳಗಿನ ನುಣುಪಾದ ಮುಖವೇ. ಅಮ್ಮ ಹೇಳಿದಳು: “ಚಿಕ್ಕವರಿದ್ದಾಗ ಸಿಡುಬು ಎದ್ದಿತ್ತಂತೆ. ಮುಖದ ತುಂಬ ಕಲೆ. ಮೂಗಿನ ತುದಿಯ ಮೇಲೊಂದು ದೊಡ್ಡದಿತ್ತು. ಫೋಟೋ ಬಂದಾಗ ಎಲ್ಲ ಚೆನ್ನಾಗಿದೆ ಅಂದರು, ನಾನೂ ಅಂದೆ. ಅವರು ಹೋದ ಮೇಲೆ ನೋಡಿದರೆ ಅದರಲ್ಲಿ ಅವರೇ ಇಲ್ಲ.” ಸಿಡುಬು ಈ ದೇಶದಿಂದ ತೊಲಗಿತೆಂದು ಸಾರಿದ್ದು 1977ರಲ್ಲಿ, ನಾನು ಅಂಥ ಮುಖಗಳನ್ನು ಹಿರಿಯರಲ್ಲಿ ಎಷ್ಟೋ ಕಂಡಿದ್ದೇನೆ. ಅವುಗಳಲ್ಲೊಂದು ನನ್ನ ತಂದೆಯದಾಗಿತ್ತೆಂಬುದು ನಲವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಜಾಲತಾಣಕ್ಕೆ ಪಡಸಾಲೆಯಲ್ಲಿ ಹುಡುಗ ತೆಗೆದ ಫೋಟೋವನ್ನೇ ಕೊಟ್ಟೆ. ಪ್ರಾಂಶುಪಾಲರು ಒಂದು ಕ್ಷಣ ನೋಡಿ, “ಇರಲಿ ಬಿಡಿ” ಎಂದರು. ತಂದೆಯ ಸಂಗತಿಯನ್ನು ಕೇಳಿದ ಹುಡುಗ ಮಾತ್ರ ಉತ್ಸಾಹದಿಂದ, “ಸಾರ್, ಆ ಕಲೆಗಳನ್ನು ಎಐ ಹತ್ತಿರವೇ ವಾಪಸ್ ಹಾಕಿಸಬಹುದು” ಎಂದ. ಹಾಕೀತು, ಸಂದೇಹವಿಲ್ಲ. ಆದರೆ ಅವು ಯಾರ ಮುಖದಿಂದ ಬಂದ ಕಲೆಗಳಾದಾವು? ನನ್ನ ಪುಸ್ತಕಗಳ ಬೆನ್ನಿನ ಕನ್ನಡ ನೆನಪಾಯಿತು. ಬೇಡವೆಂದೆ.

ಚೌಕಟ್ಟನ್ನು ಇಳಿಸಿ ಹಳೆಯ ಸ್ಟುಡಿಯೋ ಇದ್ದ ಜಾಗದ ಅಂಗಡಿಗೇ ಒಯ್ದು, ದಪ್ಪ ಕಾಗದದ ಮೇಲೆ ದೊಡ್ಡದಾಗಿ ಒಂದು ಜೆರಾಕ್ಸ್ ಮಾಡಿಸಿದೆ. ಮೊನ್ನೆ ಸಂಜೆ ಅದನ್ನು ಅಮ್ಮನ ಮುಂದಿಟ್ಟು ಕೈಗೊಂದು ಪೆನ್ಸಿಲು ಕೊಟ್ಟೆ. ನಾಚಿಕೊಂಡಳು, ಬೈದಳು, ಆಮೇಲೆ ಕನ್ನಡಕ ಒರೆಸಿಕೊಂಡು ಮೂಗಿನ ತುದಿಯ ಮೇಲೆ ಒಂದು ಚುಕ್ಕೆಯಿಟ್ಟಳು. ಕೆನ್ನೆಗೆ ಬಂದಾಗ ಕೈ ನಿಂತಿತು. “ಎಡಗಡೆ ಜಾಸ್ತಿ ಇತ್ತು... ತಡಿ, ಅವರು ನನ್ನ ಎದುರಿಗೆ ಕೂತರೆ ಎಡಗಡೆ ಯಾವುದಾಗುತ್ತೆ?” ಎಂದು ಕೇಳಿದಳು. ನಾನು ಎದ್ದು ಹೋಗಿ ಅವಳ ಎದುರಿಗೆ ಕುಳಿತೆ.