ಮೊದಲ ಉದ್ಯೋಗ ಕಳೆದುಕೊಂಡು ಊರಿಗೆ ಮರಳಿದಾಗ: ವರ್ತಕ ಕುಟುಂಬಗಳು ಗಮನಿಸಬೇಕಾದ ಅಂಶಗಳು

ಕಾಳಿ ನದಿಯ ದಡದಲ್ಲಿರುವ ದಾಂಡೇಲಿಗೆ ಉದ್ಯೋಗ ನಷ್ಟದ ಅನುಭವ ಹೊಸದೇನಲ್ಲ. ಪ್ಲೈವುಡ್ ಹಾಗೂ ಫೆರೋ ಅಲಾಯ್ಸ್ ಕಾರ್ಖಾನೆಗಳು ಬಾಗಿಲು ಮುಚ್ಚಿದ್ದನ್ನು ಈ ಪಟ್ಟಣ ಕಂಡಿದೆ. ಕಾರ್ಖಾನೆ ಮುಚ್ಚಿದರೆ ಅದು ಊರಿಗೆಲ್ಲ ತಿಳಿಯುವ ಸಂಗತಿ. ಕೆಲಸ ಕಳೆದುಕೊಂಡವನನ್ನು ಯಾರೂ ಅಸಮರ್ಥನೆಂದು ಜರೆಯುವುದಿಲ್ಲ. ಆದರೆ ದೂರದ ನಗರದ ತಂತ್ರಾಂಶ ಸಂಸ್ಥೆಯಿಂದ ಒಂದು ಮಿಂಚಂಚೆಯ ಮೂಲಕ ಬಿಡುಗಡೆಗೊಂಡು ಮರಳುವ ತರುಣ ತರುಣಿಯರ ಸಂಕಟ ಮನೆಯೊಳಗೇ ಉಳಿದುಬಿಡುತ್ತದೆ.

ಹಳಿಯಾಳದಲ್ಲಿ 2004ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದ ಬಳಿಕ ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದವರಿಗೂ ತಾಂತ್ರಿಕ ಶಿಕ್ಷಣ ಹತ್ತಿರವಾಯಿತು. ತಂತ್ರಾಂಶ ಉದ್ಯೋಗಕ್ಕೆ ಮಾತ್ರ ಬೆಂಗಳೂರು, ಪುಣೆಗಳತ್ತಲೇ ಮುಖ ಮಾಡಬೇಕಾಯಿತು. ಆ ಕ್ಷೇತ್ರವೋ ಏರಿಳಿತಗಳದು. 2022ರ ನವೆಂಬರಿನಲ್ಲಿ ಮೆಟಾ ಸಂಸ್ಥೆ 11,000 ಮಂದಿಯನ್ನೂ, 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆ 12,000 ಮಂದಿಯನ್ನೂ ಕೈಬಿಡುವುದಾಗಿ ಪ್ರಕಟಿಸಿದವು. 2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರದಲ್ಲಿ, ಮೂರು ಅವಕಾಶಗಳಲ್ಲೂ ಆಂತರಿಕ ಪರೀಕ್ಷೆ ದಾಟದ 300ಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಬಿಡುಗಡೆಗೊಳಿಸಿದ್ದಾಗಿ ಸಂಸ್ಥೆ ತಿಳಿಸಿತು. ನೌಕರರ ಸಂಘಟನೆ ಈ ಸಂಖ್ಯೆ ಇನ್ನೂ ಹೆಚ್ಚೆಂದು ವಾದಿಸಿತು.

ಲೆಕ್ಕಪತ್ರ ಮೊದಲು

ಒಂದು ಹಂಗಾಮಿನಲ್ಲಿ ನಷ್ಟವಾಯಿತೆಂದು ಯಾವ ವರ್ತಕನೂ ಅಂಗಡಿ ಮುಚ್ಚುವುದಿಲ್ಲ. ದಾಸ್ತಾನು ಎಣಿಸಿ, ಬರಬೇಕಾದುದನ್ನು ವಸೂಲು ಮಾಡಿ, ಖರ್ಚಿಗೆ ಕಡಿವಾಣ ಹಾಕುತ್ತಾನೆ. ಮಕ್ಕಳ ಮೊದಲ ಉದ್ಯೋಗ ಹೋದಾಗಲೂ ಇದೇ ಕ್ರಮ ಯೋಗ್ಯ. ನೇಮಕಾತಿ ಪತ್ರ, ವೇತನ ಚೀಟಿಗಳು, ಬಿಡುಗಡೆ ಪತ್ರ ಹಾಗೂ ಅನುಭವ ಪತ್ರಗಳನ್ನು ತಕ್ಷಣ ಸಂಗ್ರಹಿಸಿಕೊಳ್ಳಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸತಕ್ಕದ್ದು. ಭವಿಷ್ಯ ನಿಧಿಯನ್ನು ಅವಸರದಿಂದ ಹಿಂತೆಗೆಯದಿರುವುದು ಲೇಸು. ಐದು ವರ್ಷ ತುಂಬುವ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ.

ಶಿಕ್ಷಣ ಸಾಲದ ಕಂತು

ಅನೇಕ ಕುಟುಂಬಗಳು ಕಡೆಗಣಿಸುವ ಅಪಾಯ ಇಲ್ಲಿದೆ. ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಸಹ ಸಾಲಗಾರರಾಗಿರುತ್ತಾರೆ. ಕಂತು ತಪ್ಪಿದರೆ ಅದು ಅವರ ಸಾಲ ಚರಿತ್ರೆಯಲ್ಲಿಯೂ ದಾಖಲಾಗಿ, ಅಂಗಡಿಯ ಕ್ಯಾಶ್ ಕ್ರೆಡಿಟ್ ನವೀಕರಣಕ್ಕೇ ತೊಡಕಾಗಬಹುದು. ಮಗ ನಾಚಿಕೆಯಿಂದ ವಿಷಯ ಮುಚ್ಚಿಟ್ಟಷ್ಟೂ ನಷ್ಟ ಹೆಚ್ಚು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ನಿರುದ್ಯೋಗದ ಅವಧಿಗೆ ಕಂತು ಮುಂದೂಡಲು ಅವಕಾಶವಿದೆ. ಕಂತು ತಪ್ಪುವ ಮೊದಲೇ ಬಿಡುಗಡೆ ಪತ್ರದೊಂದಿಗೆ ಶಾಖಾ ವ್ಯವಸ್ಥಾಪಕರನ್ನು ಕಂಡು ಲಿಖಿತ ಅರ್ಜಿ ಸಲ್ಲಿಸಬೇಕು. ಮಗನ ಮೇಲೆ ಸಿಟ್ಟಾಗುವ ತಂದೆಗಿಂತ ಅವನೊಡನೆ ಬ್ಯಾಂಕಿಗೆ ಹೋಗುವ ತಂದೆ ಮನೆಯನ್ನೂ ವ್ಯಾಪಾರವನ್ನೂ ಉಳಿಸಿಕೊಳ್ಳುತ್ತಾನೆ.

ಸ್ಥಳೀಯ ಉದ್ದಿಮೆಗಳ ಪಾತ್ರ

2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳು ಇತರ ಉದ್ದಿಮೆಗಳಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಸಲ್ಲಿಸುವುದು ಕಡ್ಡಾಯವಾಗಿದೆ. ಸಣ್ಣ ವ್ಯಾಪಾರಿಗಳಿಗೂ ದಾಸ್ತಾನಿನ ಲೆಕ್ಕ, ಜಿಎಸ್‌ಟಿ ಕಡತಗಳ ಕೆಲಸ ತಪ್ಪಿಲ್ಲ. ದಾಂಡೇಲಿ, ಜೋಯಿಡಾಗಳ ಹೋಂಸ್ಟೇಗಳಿಗೆ ನೇರ ಕಾಯ್ದಿರಿಸುವಿಕೆಯ ವ್ಯವಸ್ಥೆ, ಜೋಯಿಡಾದ ಗೆಡ್ಡೆ ಗೆಣಸುಗಳಿಗೆ ದೂರದ ಗ್ರಾಹಕರು, ಮುಂಡಗೋಡದ ಅಂಗಡಿಗಳಿಗೆ ಗಣಕೀಕೃತ ಲೆಕ್ಕ ಇವೆಲ್ಲ ತರಬೇತಾದ ಕೈಗಳನ್ನು ಬೇಡುವ ಕೆಲಸಗಳು. ಸ್ವಂತ ಉದ್ದಿಮೆ ಬಯಸುವ ಗ್ರಾಮೀಣ ಯುವಜನರಿಗೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಸಮೀಪದಲ್ಲಿಯೇ ಇದೆ.

ಆದರೆ "ನಮ್ಮೂರ ಹುಡುಗ" ಎಂಬ ಸಲಿಗೆಯಿಂದ ಪುಕ್ಕಟೆ ದುಡಿಸಿಕೊಳ್ಳುವುದು ತರವಲ್ಲ. ಮೂರು ಅಥವಾ ಆರು ತಿಂಗಳ ಅವಧಿ, ಸ್ಪಷ್ಟ ಕೆಲಸ, ನಿಗದಿತ ಸಂಭಾವನೆ, ಕೊನೆಯಲ್ಲಿ ಅನುಭವ ಪತ್ರ ಇವು ಲಿಖಿತವಾಗಿರಲಿ. ಆ ಪತ್ರ ಮುಂದಿನ ಸಂದರ್ಶನದಲ್ಲಿ ಖಾಲಿ ತಿಂಗಳುಗಳಿಗೆ ಉತ್ತರವಾಗುತ್ತದೆ. ಅವರು ಮತ್ತೆ ಬೆಂಗಳೂರಿಗೆ ತೆರಳಿದರೂ ಚಿಂತೆಯಿಲ್ಲ. ಅಂಗಡಿಯ ಲೆಕ್ಕ ವ್ಯವಸ್ಥಿತವಾಗಿರುತ್ತದೆ, ಊರಿನ ಬಾಗಿಲು ತಮಗೆ ತೆರೆದೇ ಇತ್ತೆಂಬ ನೆನಪು ಅವರೊಡನಿರುತ್ತದೆ.