ಯಾವ ಕೆಲಸಕ್ಕೆ ಯಾವ ಸಿಮೆಂಟು?

ಬೆಂಗಳೂರಿನಿಂದ ಅರಸೀಕೆರೆಯತ್ತ ಸಾಗುವ ರೈಲು ತಿಪಟೂರನ್ನು ಮುಟ್ಟುವ ಮುನ್ನ ಅಮ್ಮಸಂದ್ರವನ್ನು ಹಾದುಹೋಗುತ್ತದೆ. ತುರುವೇಕೆರೆ ತಾಲ್ಲೂಕಿನ ಈ ಊರಿನಲ್ಲಿ ಸಿಮೆಂಟು ಕಾರ್ಖಾನೆಯನ್ನು ಕಟ್ಟಿದುದು 1958ರಲ್ಲಿ ಸ್ಥಾಪಿತವಾದ ಮೈಸೂರು ಸಿಮೆಂಟ್ಸ್ ಸಂಸ್ಥೆ. 2006ರಲ್ಲಿ ಅದು ಜರ್ಮನಿಯ ಹೈಡೆಲ್‌ಬರ್ಗ್ ಸಂಸ್ಥೆಯ ಕೈಸೇರಿತು. ತೆಂಗಿನ ಸೀಮೆಯಲ್ಲಿ ಸಿಮೆಂಟೇಕೆ ಎಂದರೆ, ಉತ್ತರವಿರುವುದು ನೆಲದಡಿಯಲ್ಲಿ. ಚಿಕ್ಕನಾಯಕನಹಳ್ಳಿಯ ಸುತ್ತಿನ ಶಿಲಾಸ್ತರಗಳು ಕಬ್ಬಿಣ, ಮ್ಯಾಂಗನೀಸುಗಳೊಡನೆ ಸುಣ್ಣಕಲ್ಲನ್ನೂ ಒಡಲಲ್ಲಿ ಇರಿಸಿಕೊಂಡಿವೆ.

ಸುಣ್ಣಕಲ್ಲನ್ನು ಜೇಡಿಮಣ್ಣಿನೊಡನೆ ಅರೆದು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು, ದೊರೆತ ಉಂಡೆಗಳಿಗೆ ತುಸು ಜಿಪ್ಸಂ ಬೆರೆಸಿ ನುಣ್ಣಗೆ ಪುಡಿಮಾಡಿದರೆ ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟು ಸಿದ್ಧ. ಜಿಪ್ಸಂ ಇಲ್ಲದಿದ್ದರೆ ಮೇಸ್ತ್ರಿ ಕರಣೆ ಆಡಿಸುವಷ್ಟರಲ್ಲಿಯೇ ಗಾರೆ ಬಿಗಿದುಕೊಂಡೀತು.

ಇದರಲ್ಲಿ 33, 43, 53 ಎಂಬ ದರ್ಜೆಗಳುಂಟು. 28 ದಿನಗಳ ಬಳಿಕ ಸಿಮೆಂಟು ಗಾರೆಯ ಘನವು ಪ್ರತಿ ಚದರ ಮಿಲಿಮೀಟರಿಗೆ ತಾಳಬೇಕಾದ ಒತ್ತಡವನ್ನು ಈ ಅಂಕಿ ನ್ಯೂಟನ್ ಲೆಕ್ಕದಲ್ಲಿ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಮನೆ ಭದ್ರವೆಂದು ಅನೇಕ ಗೃಹಸ್ಥರು ನಂಬಿದ್ದಾರೆ. 53 ಬೇಗನೆ ಬಲಗೊಳ್ಳುವುದು ನಿಜ. ಸೇತುವೆಗೆ, ಎರಕದ ಕಂಬಗಳಿಗೆ ಅದು ಒಪ್ಪುತ್ತದೆ. ಆದರೆ ಬೇಗನೆ ಕಾವೇರುವ ಅದಕ್ಕೆ ನೀರು ಉಣಿಸುವುದರಲ್ಲಿ ಜಿಪುಣತನ ತೋರಿದರೆ ಗೋಡೆ ಸೀಳುಬಿಡುತ್ತದೆ. ಗಾರೆ ಕೆಲಸಕ್ಕೆ ಅದನ್ನು ಬಳಸುವುದು ಹಣ ಕೊಟ್ಟು ಬಿರುಕನ್ನು ಕೊಂಡಂತೆ.

ಇನ್ನು ಹಾರುಬೂದಿ ಬೆರೆತ ಪೊಜೊಲಾನ ಸಿಮೆಂಟು. ಬೂದಿಯೆಂದೊಡನೆ ಕಲಬೆರಕೆಯೆಂದು ಮೂಗು ಮುರಿಯುವವರುಂಟು. ಕನ್ನಂಬಾಡಿ ಕಟ್ಟೆಯನ್ನು ನಿಲ್ಲಿಸಿದುದು ಸುಣ್ಣದೊಡನೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯೇ ಎಂಬುದನ್ನು ಅವರು ಮರೆತಿರಬೇಕು. ಇಲ್ಲಿಯೂ ನಡೆಯುವುದು ಅದೇ ಬಗೆಯ ಕ್ರಿಯೆ. ಶೇಕಡಾ 15ರಿಂದ 35ರವರೆಗಿನ ಬೂದಿ, ಸಿಮೆಂಟಿನಿಂದ ಹೊರಡುವ ಸುಣ್ಣವನ್ನು ಹಿಡಿದು ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಗೋಡೆಗೆ, ತಾರಸಿಗೆ, ತೋಟದ ನೀರಿನ ತೊಟ್ಟಿಗೆ ಇದು ಉಚಿತ. ಕಬ್ಬಿಣದ ಕುಲುಮೆಯ ಕಿಟ್ಟ ಬೆರೆತ ಸಿಮೆಂಟಿನ ಗುಣವೂ ಹೆಚ್ಚು ಕಡಿಮೆ ಹೀಗೆಯೇ; ತೇವದ ತಳಪಾಯಕ್ಕೆ ಅದು ವಿಶೇಷವಾಗಿ ಹೊಂದುತ್ತದೆ. ಗಂಧಕದ ಲವಣಗಳಿರುವ ಮಣ್ಣಿಗೆ ಸಲ್ಫೇಟು ನಿರೋಧಕವೆಂಬ ಬೇರೆ ಬಗೆಯೇ ಇದೆ. ಬಿಳಿ ಸಿಮೆಂಟು ಅಂದಕ್ಕೆ.

ಬೆರಕೆಯ ಸಿಮೆಂಟು ಕೇಳುವುದು ಕಾಲಾವಕಾಶ. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಿದರೆ ಇದಕ್ಕೆ 10 ದಿನವಾದರೂ ಬೇಕು. ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಲು ಅವಸರ ಕೂಡದು. ಅಟ್ಟದ ಮೇಲಿನ ಕಾಯಿ ಉಂಡೆಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾಯುವ ತಿಪಟೂರು ಸೀಮೆಯವರಿಗೆ ತಾಳ್ಮೆಯ ಪಾಠ ಬೇಕಿಲ್ಲ. ಆದರೂ ಗೃಹಪ್ರವೇಶದ ಮುಹೂರ್ತ ಸಮೀಪಿಸಿತೆಂದರೆ ಅವರೂ ಮೇಸ್ತ್ರಿಯನ್ನು ಅವಸರಪಡಿಸುತ್ತಾರೆ!

ಕೊಳ್ಳುವಾಗ ಚೀಲದ ಮೇಲೆ ತಯಾರಾದ ವಾರ, ವರ್ಷಗಳನ್ನು ನೋಡಬೇಕು. ಮೂರು ತಿಂಗಳು ಕಳೆದ ಸಿಮೆಂಟು ಸುಮಾರು ಐದರಲ್ಲೊಂದು ಪಾಲು ಬಲವನ್ನು ಕಳೆದುಕೊಂಡಿರುತ್ತದೆ. ಉಳಿದ ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲೆ ಒಟ್ಟಬೇಕು. ಗಂಟು ಬೆರಳುಗಳ ನಡುವೆ ಪುಡಿಯಾಗದಿದ್ದರೆ ಆ ಚೀಲ ತಾರಸಿಗೆ ಸಲ್ಲದು.