ವೀರಗಲ್ಲು ತೊಳೆಯುವ ಕೈಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಕೆರೆ ಏರಿಯ ಬಳಿಯೋ ಹೊಲದ ಬದುವಿನಲ್ಲೋ ಅರ್ಧ ಹೂತ ವೀರಗಲ್ಲು ಕಣ್ಣಿಗೆ ಬೀಳುತ್ತದೆ. ಕೆಳಗೆ ಕಾದಾಡುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ದೇವಲೋಕ. ಗಂಗರು, ಬಾಣರು, ನೊಳಂಬರು, ವೈದುಂಬರು ಸೆಣಸಿದ ಗಡಿನಾಡಿದು. ತುರು ಬಿಡಿಸಲು ಹೋಗಿ ಸತ್ತ ಊರಾಳಿಗೆ ಗುಡಿಯಿಲ್ಲ, ತಾಮ್ರಪಟವಿಲ್ಲ. ಇರುವುದು ಈ ಕಲ್ಲೊಂದೇ. ಅದಕ್ಕೇ ಇದನ್ನು ಉಳಿಸಿಕೊಳ್ಳಬೇಕು.

ದಾರಿ ತೋರಿಸಿದ್ದು ಬೆಂಗಳೂರಿನ ಹೆಬ್ಬಾಳ. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಅಲ್ಲಿ ಬೆಳಕಿಗೆ ಬಂದಾಗ ಶಾಸನಾಸಕ್ತ ಉದಯ ಕುಮಾರ್ ಪಿ.ಎಲ್. ಮತ್ತು ಗೆಳೆಯರು, ಸ್ಥಳೀಯರ ಜೊತೆಗೂಡಿ ಅದನ್ನು ಅಲ್ಲೇ ಕಾಪಾಡಿದರು. ಮುಂದೆ ಬೆಂಗಳೂರಿನ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗನ್ನೇ ಕೈಗೆತ್ತಿಕೊಂಡಿತು.

ಕಲ್ಲು ತೊಳೆಯುವುದಕ್ಕೆ ಬೇಕಾದದ್ದು ಬಕೆಟ್ ನೀರು, ನೈಲಾನಿನ ಮೆದು ಬ್ರಷ್, ಬಿದಿರಿನ ಕಡ್ಡಿ. ಮೊದಲು ಚೆನ್ನಾಗಿ ನೆನೆಸಿ, ಪಾಚಿ ಸಡಿಲವಾದ ಮೇಲೆ ಕೆಳಗಿನಿಂದ ಮೇಲಕ್ಕೆ ಉಜ್ಜಿ, ಮತ್ತೆ ನೀರು ಹುಯ್ಯಬೇಕು. ಆಸಿಡ್, ಬ್ಲೀಚಿಂಗ್ ಪೌಡರ್, ತಂತಿ ಬ್ರಷ್ ಹತ್ತಿರವೂ ಸುಳಿಯಕೂಡದು. ಎನಾಮಲ್ ಬಣ್ಣ ಬಳಿದಿದ್ದರೆ ಕೆರೆಯಲು ಹೋಗದೆ ತಿಳಿದವರಿಗೆ ಬಿಡುವುದು ಲೇಸು. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದೂ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ಓರೆಯಾಗಿ ಬೆಳಕು ಬಿಡಿ: ಹಗಲಲ್ಲಿ ನುಣ್ಣಗೆ ಕಂಡ ಜಾಗದಲ್ಲೂ ಸಾಲು ಸಾಲು ನೆರಳಾಗಿ ಹಳಗನ್ನಡ ಮೂಡಬಹುದು.

ಅರಿಸಿನ ಕುಂಕುಮ ಹಚ್ಚಿದ ಕಲ್ಲು ಕೊಳೆಯಾದ ಕಲ್ಲಲ್ಲ, ಪೂಜೆಯಲ್ಲಿರುವ ಕಲ್ಲು. ಪೂಜೆ ಮಾಡುವ ಮನೆಯವರನ್ನೂ ಊರ ಹಿರಿಯರನ್ನೂ ಕೇಳದೆ ಅದನ್ನು ಮುಟ್ಟುವಂತಿಲ್ಲ. ಇಷ್ಟು ಕಾಲ ಅದು ಉಳಿದಿದ್ದರೆ ಅವರ ಭಕ್ತಿಯಿಂದಲೇ. ಚರಂಡಿಗೆ ಹಾಸಿದ ಕಲ್ಲು, ಬಟ್ಟೆ ಒಗೆಯುವ ಕಲ್ಲು, ರಸ್ತೆ ಅಗಲವಾಗುವಾಗ ಜೆಸಿಬಿಯ ಬಾಯಿಗೆ ಬೀಳಲಿರುವ ಕಲ್ಲು, ಇವುಗಳ ಪಾಡೇ ಕಳವಳ ಹುಟ್ಟಿಸುವಂಥದ್ದು.

ಹುಡುಕಾಟ ಆರಂಭಿಸಲು ಪುಸ್ತಕವೊಂದು ಸಿದ್ಧವಾಗಿಯೇ ಇದೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಮೊದಲು ಹೇಳಿದ ನಾಲ್ಕೂ ತಾಲ್ಲೂಕುಗಳ ಶಾಸನಗಳನ್ನು ಅದರಲ್ಲೇ ಹುಡುಕಬೇಕು. ನಿಮ್ಮ ಊರಿನ ಹೆಸರು ಅಲ್ಲಿದ್ದರೆ ಪಾಠವನ್ನು ಬರೆದುಕೊಂಡು ಹೋಗಿ, ಪುಸ್ತಕ ಹೇಳಿದ ಜಾಗದಲ್ಲೇ ಕಲ್ಲು ಇದೆಯೇ ನೋಡಿ. ಇದ್ದರೆ ಫೋಟೊ, ಮೊಬೈಲಿನ ಲೊಕೇಶನ್ ಎರಡನ್ನೂ ಪುರಾತತ್ವ ಇಲಾಖೆಗೆ ಕಳಿಸಿ, ಪಂಚಾಯ್ತಿಗೂ ಒಂದು ಪ್ರತಿ ಕೊಡಿ. ಇಲ್ಲದಿದ್ದರೆ ಅಲ್ಲಿನ ಅಜ್ಜಿಯರನ್ನು ಕೇಳಿ.